ಎಷ್ಟು ಹೊತ್ತು ಅಲ್ಲ, ಎಷ್ಟು ಸಲ

ಕೇಳುಗರಿಗೆ ನಮಸ್ಕಾರ. ಓದುವ ವಿದ್ಯಾರ್ಥಿಗಳ ಮೊಬೈಲ್ ರೂಢಿಗಳ ಬಗ್ಗೆ ಇವತ್ತು ನಾಲ್ಕು ಮಾತು. ಹೈಸ್ಕೂಲು, ಕಾಲೇಜಿನವರು ಕೇಳುತ್ತಿದ್ದರೆ ಫೋನನ್ನು ಕೈಗೆ ತೆಗೆದುಕೊಳ್ಳಿ. ಒಂದು ಅಂಕಿ ನೋಡುವುದಿದೆ.

ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಪುಟವಿರುತ್ತದೆ. ತೆರೆದರೆ ಒಂದು ವೃತ್ತ, ಅದರ ನಡುವೆ ಇವತ್ತು ಫೋನ್ ನೋಡಿದ ಒಟ್ಟು ಸಮಯ. ಎಲ್ಲರ ಕಣ್ಣೂ ಅಲ್ಲೇ ನಿಲ್ಲುತ್ತದೆ. ಅದನ್ನು ಬಿಟ್ಟು ಕೆಳಗೆ ಬನ್ನಿ. ಅನ್‌ಲಾಕ್ ಎಷ್ಟು ಸಲ, ನೋಟಿಫಿಕೇಶನ್ ಎಷ್ಟು ಎಂಬ ಎರಡು ಸಂಖ್ಯೆಗಳು ಕಾಣುತ್ತವೆ. ಐಫೋನಿನ ಸ್ಕ್ರೀನ್ ಟೈಮ್ ಪುಟದಲ್ಲಿ ಪಿಕಪ್ಸ್ ಎಂದಿರುವುದೂ ಹೆಚ್ಚುಕಡಿಮೆ ಇದೇ ಲೆಕ್ಕ. ಓದಿನ ಮಟ್ಟಿಗೆ ಗಂಟೆಗಿಂತ ಈ ಎಣಿಕೆ ದೊಡ್ಡದು. ಕೂತಲ್ಲೇ ಕೂತು ಎರಡು ಗಂಟೆ ಪಾಠದ ವಿಡಿಯೊ ನೋಡಿದವರಿಗೂ, ಎರಡೆರಡು ನಿಮಿಷದಂತೆ 60 ಸಲ ಫೋನ್ ತೆರೆದವರಿಗೂ ವೃತ್ತದೊಳಗಿನ ಸಮಯ ಒಂದೇ. ಆದರೆ ಎರಡನೆಯವರ ದಿನ 60 ಕಡೆ ತುಂಡಾಗಿದೆ.

ಆ ತುಂಡಾಗುವಿಕೆ ಹೇಗಿರುತ್ತದೆ ನೋಡಿ. ಭೌತಶಾಸ್ತ್ರದ ಒಂದು ಲೆಕ್ಕ. ಮೇಲಕ್ಕೆ ಎಸೆದ ಚೆಂಡು ಎಷ್ಟು ಎತ್ತರ ಹೋಗುತ್ತದೆ ಎಂದು ಕಂಡುಹಿಡಿಯಬೇಕು. ಆರಂಭದ ವೇಗ ಇಷ್ಟು, ತುದಿಯಲ್ಲಿ ವೇಗ ಸೊನ್ನೆ, ಗುರುತ್ವ ಕೆಳಮುಖ, ಹಾಗಾಗಿ ಅದಕ್ಕೆ ಮೈನಸ್. ಇಷ್ಟನ್ನೂ ಒಟ್ಟಿಗೆ ಹಿಡಿದುಕೊಂಡೇ ಮುಂದಿನ ಸಾಲು ಬರೆಯಬೇಕು. ಒಂದೇ ಹೊತ್ತಿಗೆ ಮನಸ್ಸು ಹಿಡಿದಿಡಬಲ್ಲದ್ದೂ ಹೆಚ್ಚುಕಡಿಮೆ ಇಂಥ ಮೂರು ನಾಲ್ಕು ಸಂಗತಿಗಳನ್ನೇ. ಆಗ ಮೇಜಿನ ಮೇಲೆ ಫೋನ್ ಗುಂಯ್ ಎನ್ನುತ್ತದೆ. ಕ್ಲಾಸ್ ಗ್ರೂಪಿನಲ್ಲಿ ಯಾರೋ 'ನಾಳೆ ಲ್ಯಾಬ್ ಇದೆಯಾ?' ಎಂದು ಕೇಳಿದ್ದಾರೆ. ನೋಡಿ ಕೆಳಗಿಡಲು ಹತ್ತೇ ಸೆಕೆಂಡು ಸಾಕು. ಆದರೆ ಅಷ್ಟರಲ್ಲಿ ಆ ಮೈನಸ್ ಜಾರಿಹೋಗಿರುತ್ತದೆ. ಉತ್ತರ ತಪ್ಪುತ್ತದೆ, ಇಲ್ಲವೇ ಪ್ರಶ್ನೆಯನ್ನು ಮೊದಲಿಂದ ಓದಬೇಕಾಗುತ್ತದೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಲೆಕ್ಕಕ್ಕೆ ಮರಳಿದ ಮೇಲೂ ಲ್ಯಾಬಿನ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿರುವುದು ಇದರಿಂದಲೇ. ಇಂಥ ಹೊತ್ತಿನಲ್ಲಿ 'ನನ್ನ ತಲೆಗೆ ಇದು ಹತ್ತುವುದಿಲ್ಲ' ಎಂದು ಪುಸ್ತಕ ಮುಚ್ಚುವ ಮಕ್ಕಳನ್ನು ನೆನೆದರೆ ಸಂಕಟವಾಗುತ್ತದೆ. ತಲೆಗೆ ಹತ್ತುತ್ತದೆ. ಅಡ್ಡಿಯಿಲ್ಲದ ಅರ್ಧ ಗಂಟೆ ಸಿಗಬೇಕು, ಅಷ್ಟೆ.

ದಿನಕ್ಕೆ 30 ನಿಮಿಷ ಎಂದು ಆ್ಯಪ್‌ಗೆ ಟೈಮರ್ ಹಾಕುವುದು ಹಲವರು ಮಾಡುವ ಮೊದಲ ಕೆಲಸ. ಅದು ಬಹಳ ದಿನ ಬಾಳುವುದು ಕಷ್ಟ. ಹಾಕಿದವರೂ ನೀವೇ, ತೆಗೆಯುವವರೂ ನೀವೇ. ಸಮಯ ಮುಗಿಯಿತು ಎಂದು ಅದು ಹೇಳುವುದೂ ರೀಲ್ಸ್‌ನಲ್ಲಿ ಮುಳುಗಿರುವಾಗಲೇ. ಇದನ್ನು ಮನಸ್ಸಿನ ದೌರ್ಬಲ್ಯ ಎಂದು ಬೈದುಕೊಳ್ಳಬೇಡಿ. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ, ಅಲ್ಲಿ ತಲೆ ಎತ್ತುತ್ತೇವೆ. ಕೊನೆಯೇ ಇಲ್ಲದೆ ಉರುಳುತ್ತಿರುವ ಪುಟದಲ್ಲಿ ಆ ನಿಲುಗಡೆ ಇಲ್ಲ. 2006ರಲ್ಲಿ ಈ ಕೊನೆಯಿಲ್ಲದ ಪುಟವನ್ನು ರೂಪಿಸಿದ ಏಜಾ ರಾಸ್ಕಿನ್ ಅವರೇ ಆಮೇಲೆ ಬಹಿರಂಗವಾಗಿ ವಿಷಾದಿಸಿದ್ದಾರೆ.

ಟೈಮರಿಗಿಂತ ಕೆಲಸಕ್ಕೆ ಬರುವುದು ದೂರ. ಓದುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಇರುವುದೇ ಒಂದು ಕೋಣೆಯಾದರೆ ಎದ್ದುಹೋಗಿ ತೆಗೆಯಬೇಕಾದ ಜಾಗದಲ್ಲಿ, ಚೀಲದೊಳಗೆ ಇರಲಿ. ಪಕ್ಕದಲ್ಲೇ ಮಗುಚಿಟ್ಟರೆ ಸಾಲದು, ಕೈ ತಾನಾಗಿ ಹೋಗುತ್ತದೆ. 'ಡೌಟು ಬಂದರೆ ಹುಡುಕಬೇಕಲ್ಲ' ಎನ್ನುತ್ತೀರಿ. ನ್ಯಾಯವಾದ ಮಾತು. ಅದಕ್ಕೊಂದು ಬಿಳಿ ಹಾಳೆ ಇಟ್ಟುಕೊಳ್ಳಿ. ಬಂದ ಡೌಟುಗಳನ್ನೆಲ್ಲ ಒಂದರ ಕೆಳಗೊಂದು ಬರೆಯುತ್ತ ಹೋಗಿ, 40 ನಿಮಿಷ ಆದ ಮೇಲೆ ಒಟ್ಟಿಗೆ ಹುಡುಕಿ. ಕೆಲವು ಅಷ್ಟರಲ್ಲಿ ಮುಂದಿನ ಪುಟದಲ್ಲೇ ಬಗೆಹರಿದಿರುತ್ತವೆ. ಫೋನಿನ ಬಳಿ ಹೋಗುವಾಗ ಹಾಳೆ ಕೈಯಲ್ಲೇ ಇರಬೇಕು. ಬರಿಗೈಯಲ್ಲಿ ಹೋದರೆ, ಯಾತಕ್ಕೆ ತೆರೆದೆವು ಎಂಬುದೇ ಮರೆತು ಇನ್ನೇನೋ ನೋಡುತ್ತ ನಿಂತಿರುತ್ತೀರಿ.

ಮನೆಯಿಂದ ತುರ್ತು ಕರೆ ಬಂದರೆ ಎಂಬ ಅಳುಕೂ ಬೇಡ. ಡು ನಾಟ್ ಡಿಸ್ಟರ್ಬ್ ಹಾಕಿದಾಗಲೂ ಆಯ್ದ ಹೆಸರುಗಳ ಕರೆ ಬರುವಂತೆ ಮಾಡಬಹುದು. ಒಂದೇ ನಂಬರಿನಿಂದ ಸ್ವಲ್ಪ ಹೊತ್ತಿನಲ್ಲೇ ಎರಡನೇ ಸಲ ಕರೆ ಬಂದರೆ ರಿಂಗ್ ಆಗುವ ಆಯ್ಕೆಯೂ ಅಲ್ಲೇ ಇದೆ. ವಾಟ್ಸ್ಆ್ಯಪ್ ಗ್ರೂಪನ್ನು ಮ್ಯೂಟ್ ಮಾಡುವಾಗ 8 ಗಂಟೆ, ಒಂದು ವಾರ, ಯಾವಾಗಲೂ ಎಂದು ಮೂರು ಆಯ್ಕೆ ಬರುತ್ತವೆ. ಮೂರನೆಯದನ್ನೇ ಒತ್ತಿ. ಸಂದೇಶಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಪಾಠದ ವಿಡಿಯೊಗಳು. ಇದು ಒಳ್ಳೆಯ ರೂಢಿ, ಆದರೆ ಇದರಲ್ಲೊಂದು ಭ್ರಮೆ ಇದೆ. ಮೇಷ್ಟ್ರು ಸಲೀಸಾಗಿ ಬಿಡಿಸುವುದನ್ನು ನೋಡುತ್ತಿದ್ದರೆ ನಮಗೂ ಬಂದಂತೆಯೇ ಅನಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಮೊದಲು ಓದಿ, ಆಮೇಲೆ ಪಾಠ ನೋಡದೆ ಮೂರು ಸಲ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ. 40, ಬರೆದವರಿಗೆ ಸುಮಾರು ಶೇ. 61. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲವಲ್ಲ! ಹಾಗಾಗಿ ಹತ್ತು ನಿಮಿಷ ವಿಡಿಯೊ ನೋಡಿ, ನಿಲ್ಲಿಸಿ, ಖಾಲಿ ಹಾಳೆಯಲ್ಲಿ ಅದೇ ಲೆಕ್ಕವನ್ನು ನೀವೇ ಬಿಡಿಸಿ. ಎಲ್ಲಿ ಕೈ ನಿಂತಿತೋ ಅಷ್ಟನ್ನು ಮಾತ್ರ ಮತ್ತೆ ನೋಡಿ. ವೇಗ ಹೆಚ್ಚಿಸಿ ನೋಡುವುದು ಪುನರಾವರ್ತನೆಗೆ ಸರಿ, ಹೊಸ ಪಾಠಕ್ಕೆ ಬೇಡ. ಗ್ಯಾಲರಿಯಲ್ಲಿ ಸೇರಿಸಿಟ್ಟ ನೋಟ್ಸ್ ಫೋಟೊಗಳನ್ನು ಅದೇ ದಿನ ಕೈಯಲ್ಲಿ ಬರೆದುಕೊಳ್ಳದಿದ್ದರೆ ಅವು ಇದ್ದೂ ಇಲ್ಲದಂತೆ.

ರಾತ್ರಿಯದು ಸರಳ. 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಯೂಟ್ಯೂಬಿನಲ್ಲಿ ಆಟೊಪ್ಲೇ ಆಫ್ ಮಾಡಿ. ಒಂದು ವಿಡಿಯೊ ಮುಗಿದು ಪರದೆ ಸುಮ್ಮನಾದರೆ ಮಲಗಬೇಕು ಎಂಬ ಯೋಚನೆಗೆ ಜಾಗ ಸಿಗುತ್ತದೆ. ಅಲಾರಂ ಇಟ್ಟ ಫೋನನ್ನು ದಿಂಬಿನ ಕೆಳಗಲ್ಲ, ಕೋಣೆಯ ಇನ್ನೊಂದು ಮೂಲೆಯಲ್ಲಿಡಿ.

ಮೊದಲು ನೋಡಿದ ಅನ್‌ಲಾಕ್ ಸಂಖ್ಯೆಯನ್ನು ಪುಸ್ತಕದ ಹಿಂಬದಿಯಲ್ಲಿ ತಾರೀಖಿನೊಂದಿಗೆ ಬರೆದಿಡಿ. ಒಂದು ವಾರ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ಅತಿ ಹೆಚ್ಚು ನೋಟಿಫಿಕೇಶನ್ ಕಳಿಸಿದ ಆ್ಯಪ್ ಯಾವುದು ಎಂದು ಅದೇ ಪುಟದಲ್ಲಿ ಹುಡುಕಿ, ಮೊದಲು ಅದೊಂದರ ಸದ್ದು ನಿಲ್ಲಿಸಿ. ನಮಸ್ಕಾರ.