ಸಮುದ್ರದ ನೀರಗಂಟಿಗಳು

ಎಲ್ಲರಿಗೂ ನಮಸ್ಕಾರ.

ನಾನು ಕೋಲಾರದ ಕಡೆಯವಳು. ನರಸಾಪುರದ ಹತ್ತಿರ ನಮ್ಮ ಹಳ್ಳಿ. ವರ್ಷಪೂರ್ತಿ ಹರಿಯುವ ಹೊಳೆ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ. ಇರೋದು ಕೆರೆಗಳು. ಕೆರೆ ಇದ್ದಮೇಲೆ ಅದಕ್ಕೊಬ್ಬ ನೀರಗಂಟಿ. ನಮ್ಮ ತಾತನ ಅಪ್ಪ ನೀರಗಂಟಿ ಆಗಿದ್ದರು. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡೋದು, ಯಾರ ಗದ್ದೆಗೆ ಎಷ್ಟು ಅಂತ ನೋಡಿ ಹಂಚೋದು ಅವರ ಕೆಲಸ. ಸುಗ್ಗಿಯಲ್ಲಿ ಊರವರು ಅಳೆದು ಕೊಡೋ ರಾಗಿ, ಭತ್ತವೇ ಕೂಲಿ. ಆದರೆ ನಿಜವಾದ ಕೆಲಸ ಇದ್ದದ್ದು ಜಡಿಮಳೆಯ ರಾತ್ರಿಗಳಲ್ಲಿ. ಊರೆಲ್ಲ ಕಂಬಳಿ ಹೊದ್ದು ಮಲಗಿದ್ದಾಗ ಅವರೊಬ್ಬರೇ ಲಾಟೀನು ಹಿಡಿದು ಕೆರೆ ಏರಿ ಮೇಲೆ ನಡೀತಾ ಇರಬೇಕು. ಎಲ್ಲಾದರೂ ಏರಿ ಬಿರುಕು ಬಿಟ್ಟಿತಾ, ನೀರು ಜಿನುಗ್ತಾ ಇದೆಯಾ ಅಂತ ನೋಡಬೇಕು, ಕಂಡರೆ ಕೂಗಬೇಕು. ಕೂಗು ಊರಿಗೆ ಕೇಳಿಸಿದರೆ ಊರು ಉಳಿಯುತ್ತದೆ. ಕೂಗಿದವನು ಮಾತ್ರ ಇನ್ನೂ ಏರಿ ಮೇಲೇ ಇರುತ್ತಾನೆ, ಅಲ್ವಾ?

ಇವತ್ತು ನಾನು ನೆನೆಯಬೇಕು ಅಂದುಕೊಂಡಿರೋದು ಅಂಥ ಕೆಲವರನ್ನ. ಅವರು ಕಾದದ್ದು ಕೆರೆಯನ್ನಲ್ಲ, ಸಮುದ್ರವನ್ನ.

ನಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಕೂಲಿಗೆ ಹೋಗಿದ್ದರು. ಈಗ ನಾವು ಎಚ್‌ಎಎಲ್ ಅನ್ನುವ ಕಾರ್ಖಾನೆ ಅದು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ್ದು. 1943ರಲ್ಲಿ ಅದನ್ನು ಅಮೆರಿಕದ ವಾಯುಪಡೆ ವಹಿಸಿಕೊಂಡು ಯುದ್ಧದ ವಿಮಾನಗಳನ್ನ ರಿಪೇರಿ ಮಾಡುವ ಜಾಗ ಮಾಡಿತು. ಅಲ್ಲಿಗೆ ಕೆಟಲೀನಾ ಅನ್ನುವ ವಿಮಾನಗಳು ಬರುತ್ತಿದ್ದವು. ಅವು ಇಳಿಯುತ್ತಿದ್ದದ್ದು ಎಲ್ಲಿ ಗೊತ್ತಾ? ಬೆಳ್ಳಂದೂರು ಕೆರೆಯಲ್ಲಿ. ನೊರೆ ಬಂತು, ಬೆಂಕಿ ಹತ್ತಿಕೊಂಡಿತು ಅಂತ ಟಿವಿಯಲ್ಲಿ ನೋಡಿದೆವಲ್ಲ, ಅದೇ ಕೆರೆ. ಆಗ ನೀರು ತಿಳಿಯಾಗಿತ್ತಂತೆ.

ತಾತ ಅದನ್ನ ದೋಣಿ ವಿಮಾನ ಅನ್ನುತ್ತಿದ್ದರು. ಕೆಳಗಿನಿಂದ ನೋಡಿದರೆ ದೋಣಿ, ಮೇಲಿನಿಂದ ನೋಡಿದರೆ ವಿಮಾನ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ತುದಿಗೆ 104 ಅಡಿ. ಎರಡು ಎಂಜಿನ್. ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗ, ಅಷ್ಟೇ. ಆದರೆ 20 ಗಂಟೆಗೂ ಜಾಸ್ತಿ ಹೊತ್ತು ಕೆಳಗಿಳಿಯದೆ ಹಾರಬಲ್ಲದು. ಒಳಗೆ ಎಂಟೊಂಬತ್ತು ಜನ, ಮಲಗೋಕೆ ಕ್ಯಾನ್‌ವಾಸಿನ ಮಂಚ, ಟೀ ಕಾಯಿಸೋಕೆ ಸಣ್ಣ ಒಲೆ. ಎರಡೂ ಪಕ್ಕಕ್ಕೆ ಗುಳ್ಳೆಯ ಹಾಗೆ ಉಬ್ಬಿದ ಗಾಜಿನ ಕಿಟಕಿ. ಅಲ್ಲಿ ಕೂತು ಇಡೀ ದಿನ ನೀರನ್ನ ನೋಡೋದೇ ಕೆಲಸ.

ತಾತನಿಗೆ ಸಿಕ್ಕಿದ್ದು ಉಪ್ಪು ಕಟ್ಟಿದ್ದನ್ನ ಉಜ್ಜಿ ತೆಗೆದು ಒಳಗೆಲ್ಲ ಒರೆಸುವ ಕೆಲಸ. ಒಂದು ವಿಮಾನದಲ್ಲಿ, ಆ ಗಾಜಿನ ಗುಳ್ಳೆಯ ಕೆಳಗೆ, ಯಾರೋ ಪೆನ್ಸಿಲ್ಲಿನಲ್ಲಿ ಗೀಟು ಎಳೆದಿದ್ದರಂತೆ. ಐದೈದಾಗಿ ಕಟ್ಟು ಹಾಕಿ, ಒಟ್ಟು 37 ಗೀಟು. ಎಷ್ಟು ಸಲ ಹಾರಿದೆ ಅಂತ ಲೆಕ್ಕ ಇಟ್ಟಿದ್ದನೋ, ಮನೆಗೆ ಹೋಗೋಕೆ ಇನ್ನೆಷ್ಟು ದಿನ ಅಂತಲೋ, ತಾತನಿಗೆ ಹೇಗೆ ಗೊತ್ತಾಗಬೇಕು. ಮೇಸ್ತ್ರಿ ಒರೆಸು ಅಂದ, ತಾತ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರು. ಎಂಬತ್ತು ದಾಟಿದ ಮೇಲೂ ಅದನ್ನೇ ಹೇಳುತ್ತಿದ್ದರು. "ನಾನೇ ಒರೆಸಿಬಿಟ್ಟೆ ಕಣಮ್ಮಾ. ಆ ಹುಡುಗ ಬದುಕಿದ್ದನೋ ಇಲ್ಲವೋ."

ಅವರ ಈ ಮಾತು ಕೇಳಿ ಕೇಳಿಯೇ ನಾನು ಆ ವಿಮಾನಗಳ ಕಥೆ ಹುಡುಕಿಕೊಂಡು ಓದಿದ್ದು.

ತಾತ ಕೆಲಸಕ್ಕೆ ಸೇರೋಕೂ ಮುಂಚೆ, 1942ರ ಏಪ್ರಿಲ್ 4, ಶನಿವಾರ. ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ದಕ್ಷಿಣ ತುದಿಯ ಕೊಗ್ಗಲದಿಂದ ಒಂದು ಕೆಟಲೀನಾ ಬೆಳಗಾಗೋ ಮುಂಚೆಯೇ ಎದ್ದಿತು. ಕೆನಡಾದ ಲಿಯೊನಾರ್ಡ್ ಬರ್ಚಲ್ ಅದರ ನಾಯಕ. ಸಿಲೋನಿಗೆ ಬಂದು ಎರಡೇ ದಿನ ಆಗಿತ್ತು. ಒಳಗಿದ್ದವರು ಒಂಬತ್ತು ಜನ. ಇಡೀ ದಿನ ಬರೀ ನೀರು. ಸಂಜೆ ಇನ್ನೇನು ವಾಪಸ್ ತಿರುಗಬೇಕು, ಆದರೆ ಚಂದ್ರ ಹುಟ್ಟಿದರೆ ನಾವು ಎಲ್ಲಿದ್ದೇವೆ ಅಂತ ಸರಿಯಾಗಿ ಲೆಕ್ಕ ಹಾಕಬಹುದು ಅಂತ ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಸುತ್ತಿದರು. ಆಗ ದಕ್ಷಿಣದ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕೆ ಕಂಡವು. ಹತ್ತಿರ ಹೋಗಿ ನೋಡಿದರೆ ಜಪಾನಿನ ದೊಡ್ಡ ನೌಕಾಪಡೆ, ವಿಮಾನ ಹೊತ್ತ ಐದು ಹಡಗುಗಳ ಸಮೇತ. ನಾಲ್ಕು ತಿಂಗಳ ಹಿಂದೆ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದ್ದೂ ಇದೇ ಪಡೆ. ಈಗ ಅದು ಕೊಲಂಬೊ ಕಡೆಗೆ ಬರುತ್ತಿತ್ತು.

ಓಡಿಹೋಗೋ ವೇಗ ಆ ವಿಮಾನಕ್ಕೆ ಇರಲಿಲ್ಲ. ಅಡಗೋಕೆ ಮೋಡವೂ ಇರಲಿಲ್ಲ. ವೈರ್‌ಲೆಸ್ ಹುಡುಗ ಸಂದೇಶ ಬಡಿಯೋಕೆ ಶುರು ಮಾಡಿದ. ಮೂರು ಸಲ ಕಳಿಸಬೇಕು ಅನ್ನೋದು ನಿಯಮ. ಮೂರನೇ ಸಲ ಕಳಿಸುತ್ತಿದ್ದಾಗ ಗುಂಡು ಬಿದ್ದು ಯಂತ್ರ ಚೂರಾಯಿತು. ವಿಮಾನ ಹೊತ್ತಿಕೊಂಡು ನೀರಿಗೆ ಬಿತ್ತು. ಒಬ್ಬ ಅದರ ಜೊತೆಯಲ್ಲೇ ಮುಳುಗಿದ. ಗಾಯವಾಗಿ ನೀರಿನಲ್ಲಿ ತೇಲುತ್ತಿದ್ದ ಇಬ್ಬರ ಮೇಲೆ ಮೇಲಿನಿಂದ ಗುಂಡು ಹಾರಿಸಿ ಕೊಂದರು. ಉಳಿದ ಆರು ಜನರನ್ನ ಜಪಾನಿನ ಹಡಗು ಎತ್ತಿಕೊಂಡಿತು. ಸುದ್ದಿ ಕಳಿಸಿದಿರಾ ಅಂತ ಹೊಡೆದು ಕೇಳಿದರು. ಇಲ್ಲ ಅಂದರು. ಅಷ್ಟರಲ್ಲಿ ಕೊಲಂಬೊದವರೇ, ನಿಮ್ಮ ಸಂದೇಶ ಇನ್ನೊಮ್ಮೆ ಹೇಳಿ ಅಂತ ವೈರ್‌ಲೆಸ್ಸಿನಲ್ಲಿ ಕೇಳಿಬಿಟ್ಟರು, ಅದು ಜಪಾನಿನವರ ಕಿವಿಗೂ ಬಿತ್ತು. ಮತ್ತೆ ಏಟು. ಇದನ್ನ ಓದಿದಾಗ ನನಗೆ ತುಂಬಾ ಸಂಕಟ ಆಯಿತು. ಕೂಗಿದ್ದು ಊರಿಗೆ ಮುಟ್ಟಿತು ಅಂತ ಅವರಿಗೆ ಗೊತ್ತಾಗಿದ್ದು ಹೀಗೆ, ಒದೆ ತಿನ್ನುತ್ತಾ. ಯುದ್ಧ ಮುಗಿಯುವವರೆಗೂ, ಮೂರು ವರ್ಷಕ್ಕೂ ಜಾಸ್ತಿ, ಜಪಾನಿನ ಸೆರೆಯಲ್ಲಿದ್ದರು.

ಮಾರನೇ ದಿನ ಈಸ್ಟರ್ ಭಾನುವಾರ. ಕೊಲಂಬೊ ಮೇಲೆ ಬಾಂಬು ಬಿದ್ದವು. ಆದರೆ ಅಷ್ಟರಲ್ಲಿ ಬಂದರಿನಿಂದ ಎಷ್ಟೋ ಹಡಗುಗಳು ಆಚೆ ಹೋಗಿಬಿಟ್ಟಿದ್ದವು. ಏಪ್ರಿಲ್ 6ಕ್ಕೆ ವಿಶಾಖಪಟ್ಟಣ, ಕಾಕಿನಾಡದ ಮೇಲೂ ಬಾಂಬು. ಮದ್ರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ರೈಲು, ಗಾಡಿ ಸಿಕ್ಕಿದ್ದು ಹತ್ತಿ ಒಳನಾಡಿಗೆ ಬಂದರು. ಯುದ್ಧ ನಮಗೆ ಅಷ್ಟು ಹತ್ತಿರ ಇತ್ತು.

ಏಪ್ರಿಲ್ 9ಕ್ಕೆ ಬರ್ಚಲ್ ಅವರ ತುಕಡಿಯದ್ದೇ ಇನ್ನೊಂದು ಕೆಟಲೀನಾ ಜಪಾನಿನ ಅದೇ ನೌಕಾಪಡೆಯನ್ನ ಮತ್ತೆ ಕಂಡಿತು. ಥಾಮಸ್ ಅನ್ನುವವರು ಅದರ ನಾಯಕ. ಸುದ್ದಿ ಕಳಿಸುತ್ತಾ ಇದ್ದರು, ಮಧ್ಯದಲ್ಲೇ ನಿಂತುಹೋಯಿತು. ಆ ವಿಮಾನದವರು ಒಬ್ಬರೂ ಉಳಿಯಲಿಲ್ಲ. ಬರ್ಚಲ್ ವಾಪಸ್ ಬಂದರು, ಹೆಸರು ಬಂತು, 2004ರವರೆಗೆ ಬದುಕಿದ್ದರು, ಒಳ್ಳೆಯದೇ ಆಯಿತು. ಆದರೆ ಥಾಮಸ್ ಅವರ ಜೊತೆ ಹೋದ ಹುಡುಗರ ಹೆಸರು ಎಷ್ಟು ಜನ ಹೇಳುತ್ತಾರೆ?

ಈ ಎರಡು ಕಥೆಗಳನ್ನೂ ನಾನು ತಾತನಿಗೆ ಕೂರಿಸಿಕೊಂಡು ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಅಂದರು, "ಅವರು ಸಮುದ್ರದ ನೀರಗಂಟಿಗಳು ಕಣಮ್ಮಾ."

ನಮ್ಮ ದೇಶದ್ದೇ ಒಂದು ಕಥೆ ಇದೆ. ಅದು ನನಗೆ ಗೊತ್ತಾಗುವ ಹೊತ್ತಿಗೆ ಹೇಳೋಕೆ ತಾತ ಇರಲಿಲ್ಲ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ನಮ್ಮ ಐಎನ್‌ಎಸ್ ಖುಕ್ರಿ ಹಡಗನ್ನ ಪಾಕಿಸ್ತಾನದ ಜಲಾಂತರ್ಗಾಮಿ ಮುಳುಗಿಸಿತು. 194 ಜನ ಹೋದರು, ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮಾರನೇ ದಿನ ನಡೆದದ್ದು ಅಷ್ಟು ಗೊತ್ತಿಲ್ಲ. ಡಿಸೆಂಬರ್ 10ರಂದು ನೌಕಾಪಡೆಯ ಒಂದು ಅಲಿಜೆ ವಿಮಾನ ಅರಬ್ಬಿ ಸಮುದ್ರದ ಮೇಲೆ ಕಾವಲಿಗೆ ಹೋಗಿತ್ತು. ಮೂರು ಜನ ಕೂರುವ, ಮೂಗಿನಲ್ಲಿ ಒಂದೇ ಪ್ರೊಪೆಲ್ಲರ್ ಇರುವ ವಿಮಾನ. ಅದಕ್ಕೆ ಎದುರಾಗಿದ್ದು ಪಾಕಿಸ್ತಾನದ ಸ್ಟಾರ್‌ಫೈಟರ್ ಅನ್ನುವ ಯುದ್ಧವಿಮಾನ, ಶಬ್ದಕ್ಕಿಂತ ಎರಡು ಪಟ್ಟು ವೇಗದ್ದು. ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್, ಲೆಫ್ಟಿನೆಂಟ್ ಎಚ್.ಎಸ್. ಸಿರೋಹಿ, ಏರ್‌ಕ್ರೂಮನ್ ವಿಜಯನ್. ಮೂವರೂ ಮರಳಲಿಲ್ಲ.

ನಮ್ಮ ಕಡೆ ಕೆರೆಗಳಿಗೆ ಈಗ ಕೆ.ಸಿ. ವ್ಯಾಲಿ ನೀರು ಬರುತ್ತದೆ. ಬೆಳ್ಳಂದೂರಿನ ಕಡೆಯ ಕೊಳಚೆ ನೀರನ್ನ ಶುದ್ಧ ಮಾಡಿ ಪೈಪಿನಲ್ಲಿ ತರುತ್ತಾರೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದಾಗ ನಾನೂ ನೋಡೋಕೆ ಹೋಗಿದ್ದೆ. ದೋಣಿ ವಿಮಾನಗಳು ಇಳಿಯುತ್ತಿದ್ದ ಕೆರೆ ಕಡೆಯಿಂದ ನೀರು ನಮ್ಮೂರ ಕಡೆಗೆ ಬಂತು ಅಂತ ತಾತನಿಗೆ ಹೇಳಬೇಕು ಅನ್ನಿಸಿತು. ಏರಿ ಮೇಲೆ ನಿಂತು ಸುಮ್ನೆ ಆ ಮೂವರ ಹೆಸರು ಹೇಳಿಕೊಂಡೆ.

ತಾತ ಇನ್ನೊಂದು ಮಾತು ಹೇಳುತ್ತಿದ್ದರು. ಮಳೆ ರಾತ್ರಿಯಲ್ಲಿ ಅವರಪ್ಪ ಕೆರೆ ಕಡೆ ಹೋದರೆ, ಅವರು ಬರುವವರೆಗೂ ಅವರಮ್ಮ ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲವಂತೆ. ಗಾಳಿಗೆ ಬಾಗಿಲು ಬಡಿಯುತ್ತಿದ್ದರೂ ಸರಿ, ಇರಚಲು ಒಳಗೆ ಬಂದರೂ ಸರಿ. ಅಶೋಕ್ ರಾಯ್ ಅವರ ಹೆಸರು, ಪಾಕಿಸ್ತಾನದ ಜೈಲುಗಳಲ್ಲಿ ಇರಬಹುದು ಅಂತ ನಂಬಿದ್ದ, ಯುದ್ಧದಲ್ಲಿ ಕಾಣೆಯಾದ ನಮ್ಮ 54 ಯೋಧರ ಪಟ್ಟಿಯಲ್ಲೂ ಇದೆ. 2007ರಲ್ಲಿ, ಯುದ್ಧ ಮುಗಿದು 35 ವರ್ಷ ದಾಟಿದ ಮೇಲೆ, ಆ ಪಟ್ಟಿಯಲ್ಲಿದ್ದ ಕೆಲವರ ಮನೆಯವರು ಅಲ್ಲಿಗೆ ಹೋಗಿ ಜೈಲು ಜೈಲು ಸುತ್ತಿ ಹುಡುಕಿ ಬಂದರು. ಅಷ್ಟು ವರ್ಷ ಅವರೂ ಅಗುಳಿ ಹಾಕಿರಲಿಲ್ಲ.

ನಮಸ್ಕಾರ.