ಉಳುವವನ ಹೆಸರು ಕಾಗದದಲ್ಲಿ ಇರ್ಲಿಲ್ಲ | ಜೆಜ್ರೀಲ್ ಕಣಿವೆಯಲ್ಲಿ ಒಂದು ಶುಕ್ರವಾರ

ನಮಸ್ಕಾರ ಎಲ್ರಿಗೂ. ಇವತ್ತು ನನಗೆ ರಜೆ, ನಾನು ಕೆಲಸ ಮಾಡುವ ಇಸ್ರೇಲ್‌ನ ಹೈಫಾದಿಂದ ಬೆಳಿಗ್ಗೆ ರೈಲು ಹಿಡ್ದು ಬಂದದ್ದು. ಕಿಟಕಿಯಲ್ಲಿ ಬಲಗಡೆ ಕಾಣ್ತಾ ಉಂಟಲ್ಲ, ಅದು ಕಾರ್ಮೆಲ್ ಗುಡ್ಡ. 1918 ಸೆಪ್ಟೆಂಬರ್ 23ಕ್ಕೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಹತ್ತಿ ಹೋರಾಡಿದ್ದು ಅಲ್ಲೇ, ಜೋಧಪುರದವರ ಜೊತೆಗೆ, ತುರ್ಕರ ಕೈಯಿಂದ ಹೈಫಾ ಬಿಡಿಸಿದ್ದು ಅವರು. ಬಿಡಿಸಿದ್ದು ಬ್ರಿಟಿಷರಿಗೋಸ್ಕರ, ಆ ಬ್ರಿಟಿಷರು ಅದರ ಹಿಂದಿನ ವರ್ಷವೇ ಅವರ ಮಂತ್ರಿ ಬಾಲ್ಫರ್ ಬರೆದ ಪತ್ರದಲ್ಲಿ ಇಲ್ಲಿ, ಅಂದ್ರೆ ಪ್ಯಾಲೆಸ್ತೀನಲ್ಲಿ, ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಅಂತ ಮಾತು ಕೊಟ್ಟಾಗಿತ್ತು. ಹೈಫಾದಲ್ಲಿ ಭಾರತದ ಸೈನಿಕರ ಸ್ಮಶಾನ ಉಂಟು, ಅದನ್ನ ಇನ್ನೊಂದು ದಿನ ತೋರಿಸ್ತೇನೆ, ಈಗ ಇಳಿಬೇಕು.

ಹಾಂ, ಇದು ಜೆಜ್ರೀಲ್ ಕಣಿವೆ. ಇಲ್ಲಿ ಯಹೂದಿಗಳು ಬರೀ ಎಮೆಕ್, ಅಂದ್ರೆ ಕಣಿವೆ ಅಂತಾರೆ, ಅರಬ್ಬರು ಮರ್ಜ್ ಇಬ್ನ್ ಆಮಿರ್ ಅಂತಾರೆ. ಗೋಧಿ ನೋಡಿ ಎಷ್ಟು ಚಂದ ಉಂಟು. ಈ ಕಲ್ಲಿನ ಕಟ್ಟಡ ತುರ್ಕರ ಕಾಲದ ಹಿಜಾಜ್ ರೈಲಿನ ಸ್ಟೇಷನ್, ಲೈನು 1905ರದ್ದು, ಈಗ ಮ್ಯೂಸಿಯಂ. ಊರಿನ ಹೆಸರು ಕ್ಫಾರ್ ಯೆಹೋಶುವಾ, ಯೆಹೋಶುವಾ ಹಾಂಕಿನ್ ಅನ್ನುವವನ ಹೆಸರಲ್ಲಿ ಇಟ್ಟದ್ದು. ಅವನು ಯುದ್ಧ ಮಾಡಿದವನಲ್ಲ, ಜಾಗ ಕೊಂಡುಕೊಡ್ತಿದ್ದವನು, ಇಡೀ ಜೀವನ ಅದನ್ನೇ ಮಾಡಿದವನು.

ಜಾಗ ಕೊಂಡದ್ದು ಯಾರ ಹತ್ರ ಅಂತ ಕೇಳಿ. ಇಲ್ಲಿ ಉಳ್ತಾ ಇದ್ದವರ ಹತ್ರ ಅಲ್ಲ, ಬೈರೂತ್‌ನಲ್ಲಿ ಕೂತಿದ್ದ ಸುರ್ಸೋಕ್ ಅನ್ನುವ ದೊಡ್ಡ ಸಾಹುಕಾರ ಮನೆತನದ ಹತ್ರ. 1858ರಲ್ಲಿ ತುರ್ಕರು ಭೂಮಿಯನ್ನ ಹೆಸರಿಗೆ ನೋಂದಾಯಿಸಿ ಅಂತ ಕಾಯ್ದೆ ತಂದ್ರು, ರೈತರಿಗೆ ಹೆದರಿಕೆ, ಹೆಸರು ಬರೆಸಿದ್ರೆ ಕಂದಾಯ ಬರ್ತದೆ, ಮಗನನ್ನ ಸೈನ್ಯಕ್ಕೆ ಎಳ್ಕೊಂಡು ಹೋಗ್ತಾರೆ ಅಂತ, ಹಾಗೆ ಎಷ್ಟೋ ಕಡೆ ಜಾಗ ದೊಡ್ಡವರ ಹೆಸರಿಗೆ ಹೋಯ್ತು. ಈ ಕಣಿವೆಯದ್ದು ದೊಡ್ಡ ಪಾಲು 1872ರಲ್ಲಿ ಸರ್ಕಾರವೇ ಸುರ್ಸೋಕ್‌ನವರಿಗೆ ಮಾರಿತು. 1921ರಿಂದ 25ರ ಒಳಗೆ ಅವರು ಯಹೂದಿ ಸಂಸ್ಥೆಗಳಿಗೆ ಮಾರಿದ್ರು, ಒಂದೆರಡು ಗದ್ದೆ ಅಲ್ಲ, ಸುಮಾರು 20 ಹಳ್ಳಿ. ಒಕ್ಕಲುಗಳಿಗೆ ಅಷ್ಟಿಷ್ಟು ಪರಿಹಾರ ಕೊಟ್ಟು ಎಬ್ಬಿಸಿದ್ರು. ಯಹೂದಿ ರಾಷ್ಟ್ರೀಯ ನಿಧಿ ಅಂತ 1901ರಲ್ಲಿ ಶುರುವಾದ ಸಂಸ್ಥೆ ಉಂಟು, ಅದು ಆಗ ಒಮ್ಮೆ ಕೊಂಡ ಜಾಗ ವಾಪಸ್ ಮಾರ್ತಿರ್ಲಿಲ್ಲ, ಲೀಸಿಗೆ ಕೊಡ್ತಿತ್ತು, ಅದೂ ಯಹೂದಿಗಳಿಗೆ ಮಾತ್ರ. ಅಂದ್ರೆ ಒಕ್ಕಲಿಗೆ ಧಣಿ ಬದಲಾದದ್ದಲ್ಲ ಮಾರಾಯ್ರೆ, ಗದ್ದೆಯೇ ಮುಗೀತು.

ನಮ್ಮ ಅಜ್ಜ ಚಾಲಗೇಣಿ ಒಕ್ಕಲು, ಅಂದ್ರೆ ಧಣಿ ಹೇಳಿದ್ರೆ ಜಾಗ ಬಿಡಬೇಕಾದವರು. ಮುಡಿ ಅಕ್ಕಿ ಅಳೆದು ಕೊಡ್ತಿದ್ರು, ಒಂದು ವರ್ಷ ಮಳೆ ಕೈ ಕೊಟ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ, ಭೂಸುಧಾರಣೆಯ ಡಿಕ್ಲರೇಶನ್ ಆದ್ಮೇಲೆ ಅಲ್ವಾ ನಮಗೆ ಜಾಗ ಅಂತ ಆದದ್ದು. ಹಾಗಾಗಿ ಇದನ್ನ ಮೊದಲ ಸಲ ಓದಿದಾಗ ನನಗೆ ಕೊಂಡವರ ಮೇಲೆ ಸಿಟ್ಟು ಬಂತು. ಆಮೇಲೆ ಅನಿಸಿತು, ರಷ್ಯಾದಲ್ಲಿ ಯಹೂದಿಗಳನ್ನ ಮನೆಗೆ ನುಗ್ಗಿ ಕೊಲ್ತಿದ್ರು, 1903ರಲ್ಲಿ ಕಿಶಿನೇವ್‌ನಲ್ಲಿ ಆದದ್ದು ಓದಿ, ಅವರಾದ್ರೂ ಎಲ್ಲಿಗೆ ಹೋಗುದು? ದುಡ್ಡು ಕೊಟ್ಟೇ ಕೊಂಡದ್ದಲ್ವಾ? ಆಗ ಮಾರಿದವರ ಮೇಲೆ ಸಿಟ್ಟು. ಈಗ ಇಲ್ಲಿ ನಿಂತ್ಕೊಂಡು ಹೇಳುದಾದ್ರೆ, ಕಾಗದದಲ್ಲಿ ಇರುವವನೇ ಧಣಿ, ಉಳುವವನು ಯಾರೂ ಅಲ್ಲ ಅಂತ ಮಾಡಿದ ಆ ಕಾಯ್ದೆಯ ಮೇಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು.

ಅಯ್ಯೋ, ಗಂಟೆ ನೋಡ್ಲೇ ಇಲ್ಲ. ಇಲ್ಲಿ ಶಬ್ಬಾತ್, ಅಂದ್ರೆ ಯಹೂದಿಗಳ ವಾರದ ರಜೆ, ಅದಕ್ಕೆ ಶುಕ್ರವಾರ ಮಧ್ಯಾಹ್ನ ರೈಲು ನಿಂತ್ರೆ ಮತ್ತೆ ಶನಿವಾರ ರಾತ್ರಿಯೇ. ನೋಡಿ ಪ್ಲಾಟ್‌ಫಾರ್ಮು, ಒಬ್ರೂ ಇಲ್ಲ. ಅಂಗಡಿ ಬಂದ್, ಬಸ್ಸಿಲ್ಲ, ಫೋನಲ್ಲಿ 11 ಪರ್ಸೆಂಟ್ ಚಾರ್ಜು. ಟ್ಯಾಕ್ಸಿಯವರು ಹೈಫಾಕ್ಕೆ 220 ಶೆಕೆಲ್ ಅಂದ್ರು, ನಮ್ಮ ಲೆಕ್ಕದಲ್ಲಿ ಐದು ಸಾವಿರದ ಮೇಲೆ! ಬರುವಾಗ ರೈಲಿಗೆ ಕೊಟ್ಟದ್ದು ಎಷ್ಟು, ಇದು ಎಷ್ಟು. ನಾನು 150 ಅಂದೆ, ಅವರು ಆಗುದಿಲ್ಲ ಅಂದ್ರು, 180 ಅಂದೆ, ಶಬ್ಬಾತ್ ರೇಟು ಅಂದ್ರು. ಶಬ್ಬಾತ್ ಶುರುವಾಗ್ಲಿಕ್ಕೆ ಇನ್ನೂ ಹೊತ್ತು ಇತ್ತು! ಊರಿಗೆ ದುಡ್ಡು ಕಳಿಸ್ಲಿಕ್ಕೆ ಇರುವವಳು ನಾನು, 220 ಶೆಕೆಲ್ ಅಂದ್ರೆ ನನಗೆ ಸಣ್ಣ ಮಾತಲ್ಲ, ಇಡೀ ದಾರಿ ಮಾತಾಡ್ಲೇಬಾರದು ಅಂತ ಕೂತೆ.

ಮಾತು ಶುರು ಮಾಡಿದ್ದು ಅವರೇ. ನಜರೇತ್ ಪಕ್ಕ ಯಾಫಾ ಅನ್ನುವ ಹಳ್ಳಿಯವರು, ಅರಬ್, ಅಜ್ಜನ ಊರು ಮಾಲೂಲ್. ಅಗೋ ಆ ಮರಗಳ ಗುಡ್ಡ ಉಂಟಲ್ಲ, ಅಲ್ಲಿ. ಮಾಲೂಲ್‌ನ ಜಾಗದಲ್ಲೂ ಬಹಳಷ್ಟು ಸುರ್ಸೋಕ್‌ನವರು 1921ರಲ್ಲಿ ಮಾರಿದ್ದೇ, ಆಗ ಹೋದದ್ದು ಹೊಲ. 1948 ಜುಲೈಯಲ್ಲಿ ಮನೆಯೂ ಹೋಯ್ತು, ಊರನ್ನೇ ಕೆಡವಿದ್ರು, ಮೇಲೆ ಕಾಡು ಬೆಳೆಸಿದ್ರು, ಚರ್ಚು ಮಸೀದಿ ಮಾತ್ರ ಉಳೀತು. ಡ್ರೈವರ ಮನೆಯವರು ದೇಶ ಬಿಟ್ಟು ಹೋದವರಲ್ಲ, ಇಸ್ರೇಲ್‌ನ ನಾಗರಿಕರು, ಕೆಲವೇ ಕಿಲೋಮೀಟರ್ ಆಚೆ ಇದ್ದಾರೆ, ಆದ್ರೆ ಬಿಟ್ಟುಹೋದವರ ಆಸ್ತಿ ಸರ್ಕಾರದ ಕೈಗೆ ಕೊಡುವ 1950ರ ಕಾಯ್ದೆಯಲ್ಲಿ ಅಂಥವರೂ ಗೈರುಹಾಜರಿ. ಹಾಜರಿದ್ದೂ ಗೈರುಹಾಜರಿ! ಆ ಮಾತು ಕೇಳಿ ನನಗೆ ಗಂಟಲು ಕಟ್ಟಿತು.

ಪ್ಯಾಲೆಸ್ತೀನನ್ನ ಯಹೂದಿಗಳಿಗೆ, ಅರಬ್ಬರಿಗೆ ಪಾಲು ಮಾಡುವ 1947ರ ವಿಶ್ವಸಂಸ್ಥೆಯ ನಕ್ಷೆ ನೋಡಿ, ಯಹೂದಿಗಳು ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲು, ಕೊಂಡ ಜಾಗ ಶೇಕಡಾ 7ರ ಆಸುಪಾಸು, ಸಿಕ್ಕಿದ್ದು ಅರ್ಧಕ್ಕಿಂತ ಜಾಸ್ತಿ, ಅದರಲ್ಲಿ ತುಂಬ ನೆಗೆವ್ ಮರುಭೂಮಿ ಅನ್ನುದೂ ಹೌದು. ಅರಬ್ಬರು ಒಪ್ಲಿಲ್ಲ, ಯುದ್ಧ ಆಯ್ತು, 7 ಲಕ್ಷದಷ್ಟು ಪ್ಯಾಲೆಸ್ತೀನಿಯರು ಮನೆ ಬಿಟ್ರು. 1976 ಮಾರ್ಚ್ 30ಕ್ಕೆ ಇಸ್ರೇಲ್‌ನ ಉತ್ತರದ ಗಲಿಲೀಯಲ್ಲಿ ಸರ್ಕಾರ ಮತ್ತೆ ಜಾಗ ತಗೊಳ್ತದೆ ಅಂತ ಅರಬ್ಬರು ಮುಷ್ಕರ ಮಾಡಿದಾಗ ಆರು ಜನ ಸತ್ರು, ಈಗಲೂ ಪ್ರತಿ ವರ್ಷ ಅದು ಭೂಮಿ ದಿನ.

ಮನೆ ಬಂತು. ನಾನು ನೋಡಿಕೊಳ್ಳುವ ಸಾವ್ತಾ, ಅಂದ್ರೆ ಅಜ್ಜಿ, ಬಗ್ದಾದಿನವರು. 1951ರಲ್ಲಿ ಎಂಟು ವರ್ಷದ ಹುಡುಗಿ, ವಿಮಾನ ಹತ್ತಿಸಿ ಕಳಿಸಿದ್ರು, ಇರಾಕ್ ಸರ್ಕಾರ ಅವರ ಮನೆ, ಅಂಗಡಿ ಎಲ್ಲ ಮುಟ್ಟುಗೋಲು ಹಾಕಿತು, ಇವತ್ತಿನವರೆಗೆ ಒಂದು ರೂಪಾಯಿ ಬರ್ಲಿಲ್ಲ. ಮಾಲೂಲ್ ಬಗ್ಗೆ ಹೇಳಿದೆ. ತುಂಬ ಹೊತ್ತು ಸುಮ್ನೆ ಇದ್ರು, ಆಮೇಲೆ ಅಂಗಳದಲ್ಲಿದ್ದ ಖರ್ಜೂರದ ಮರದ ಬಗ್ಗೆ ಅರಬ್ಬಿಯಲ್ಲಿ ಮಾತಾಡ್ಲಿಕ್ಕೆ ಶುರು ಮಾಡಿದ್ರು, ನನಗೆ ಪೂರ್ತಿ ಅರ್ಥ ಆಗ್ಲಿಲ್ಲ.

ಡ್ರೈವರಣ್ಣ ನಂಬರ್ ಕೊಟ್ಟಿದ್ದಾರೆ, ಮುಂದಿನ ರಜೆಗೆ ಮಾಲೂಲ್ ತೋರಿಸ್ತಾರಂತೆ, ಬೆಳಿಗ್ಗೆ ಬೇಗ ಹೊರಡುದು. ಚಾರ್ಜು ಮುಗೀತು, ಇಡ್ತೇನೆ.