ತಿಪ್ಪೆ ಸೇರಿದ ಕರು

ನಮಸ್ಕಾರ. ಪುಣೆಯ ಈ ಸಭೆಯಲ್ಲಿ ಬೆಳಗಾವಿ, ವಿಜಯಪುರದ ಕಡೆಯವರೇ ಹೆಚ್ಚು ಕಾಣುತ್ತಿದ್ದೀರಿ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಖಿಲಾರಿ ಹೋರಿಗಳ ವ್ಯಾಪಾರವನ್ನು ನೀವು ನೋಡಿಯೇ ಇರುತ್ತೀರಿ. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಮೈಮೇಲೆ ಕೈಯಾಡಿಸಿ ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾನೆ. ಇಷ್ಟೆಲ್ಲ ಪರೀಕ್ಷೆ ಮಾಡುವವನು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ಈ ಹೋರಿಗೆ ಹುಟ್ಟಿದ ಕರುಗಳಲ್ಲಿ ಸೊಟ್ಟಗೆ ಹುಟ್ಟಿದ್ದು ಯಾವುದಾದರೂ ಇದೆಯೇ? ಕೇಳಿದರೂ ಮಾರುವವನು ಹೇಳುವುದಿಲ್ಲ, ಆ ಮಾತು ಬೇರೆ.

ನಾನೂ ಹೇಳದವರ ಪೈಕಿಯೇ. ಪುಣೆ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ದನದ ಡಾಕ್ಟರನಾಗಿ ಓಡಾಡುತ್ತಿದ್ದ ಕಾಲ. ಜತ್ತದ ಕಡೆಯಿಂದ ಬಂದು ನೆಲೆಸಿದ್ದ ಕನ್ನಡದವರ ಮನೆಯಿಂದ ನಡುರಾತ್ರಿ ಕರೆ ಬಂತು. ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಜಿಯನ್ ಮಿಶ್ರತಳಿಯ ಹಸು, ಮೂರನೆಯ ಸೂಲು, ಕರು ಸಿಕ್ಕಿಕೊಂಡಿದೆ. ಒಂದೂವರೆ ತಾಸು ಹೆಣಗಿ ಹೊರಗೆ ತೆಗೆದೆವು. ಮುಂಗಾಲುಗಳೆರಡೂ ಮಡಚಿ ಕಟ್ಟಿಗೆಯಂತೆ ಸೆಟೆದಿದ್ದವು, ಕುತ್ತಿಗೆ ಮೊಟಕು, ಉಸಿರಿಲ್ಲ. ಮನೆಯ ಅಜ್ಜಿ ಅದರ ಮೇಲೆ ಗೋಣಿಚೀಲ ಹೊದಿಸಿ, "ಡಾಕ್ಟರ್ ಸಾಹೇಬರೇ, ಇದನ್ನು ಯಾರ ಮುಂದೆಯೂ ಆಡಬೇಡಿ. ಇದೇ ಹಸುವಿನ ಪಡ್ಡೆಗೆ ಗಿರಾಕಿ ಬಂದಿದ್ದಾರೆ" ಎಂದರು. ಬೆಳಗಾಗುವುದರೊಳಗೆ ಕರು ತಿಪ್ಪೆ ಸೇರಿತು. ನಾನು ಆಡಲಿಲ್ಲ. ವರ್ಷ ತುಂಬುವುದರೊಳಗೆ ಅದೇ ಊರಿನ ಇನ್ನೆರಡು ಮನೆಗಳಲ್ಲಿ ಅಂಥದೇ ಕರು ಹುಟ್ಟಿತು. ಅಲ್ಲಿಯೂ ಗೋಣಿಚೀಲ, ಅಲ್ಲಿಯೂ ಅದೇ ಮಾತು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ; ಮೂರೂ ಗೊತ್ತಿದ್ದವನು ನಾನೊಬ್ಬನೇ. ಮೂರಕ್ಕೂ ಒಂದೇ ಹೋರಿಯ ಬೀಜವೇ ಎಂದು ನೋಡಹೋದರೆ ವೀರ್ಯದ ನಳಿಕೆಗಳನ್ನು ಎಂದೋ ಎಸೆದಿದ್ದರು, ಸಂಖ್ಯೆಯನ್ನು ಯಾರೂ ಬರೆದಿಟ್ಟಿರಲಿಲ್ಲ.

ಅದು ವಂಶದ ದೋಷವೇ ಆಗಿತ್ತು ಎಂದು ಇಂದಿಗೂ ಹೇಳಲಾರೆ. ಗಬ್ಬದ ಹಸುವಿಗೆ ಅಕಬಾನೆ ಎಂಬ ವೈರಸ್ ತಗುಲಿದರೂ ಕರು ಹೀಗೆಯೇ ಕಾಲು ಸೆಟೆದು ಹುಟ್ಟುತ್ತದೆ. ಆದ್ದರಿಂದ ನಾನು ಕೇಳುತ್ತಿರುವುದು ಹೋರಿಯ ಮೇಲೆ ದೂರು ಹೊರಿಸಿ ಎಂದಲ್ಲ, ಅನುಮಾನವನ್ನು ಅನುಮಾನವೆಂದೇ ಬಾಯಿಬಿಟ್ಟು ಹೇಳಿ ಎಂದು.

ವಂಶದ ದೋಷಗಳಲ್ಲಿ ಹೆಚ್ಚಿನವು ಅಡಗಿ ಕೂರುವಂಥವು. ತಾಯಿ, ತಂದೆ ಇಬ್ಬರ ಕಡೆಯಿಂದಲೂ ಬಂದಾಗ ಮಾತ್ರ ಹೊರಬೀಳುತ್ತವೆ. ಸೋದರಮಾವನಿಗೆ ಹೆಣ್ಣು ಕೊಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆ ವಾಹಕಗಳಾದರೆ, ಅಂದರೆ ತಾವು ಚೆನ್ನಾಗಿದ್ದೂ ದೋಷವನ್ನು ಒಳಗೆ ಹೊತ್ತಿದ್ದರೆ, ನಾಲ್ಕು ಕರುಗಳಲ್ಲಿ ಸರಾಸರಿ ಒಂದು ಹೋಗುತ್ತದೆ. ಒಂದೇ ಕಡೆ ಇದ್ದರೆ ಎಲ್ಲವೂ ದುಂಡುದುಂಡಾಗಿ ಹುಟ್ಟುತ್ತವೆ, ಅರ್ಧದಷ್ಟು ಕರುಗಳು ದೋಷವನ್ನು ಹೊಟ್ಟೆಯೊಳಗಿಟ್ಟುಕೊಂಡು ಮುಂದಿನ ಹಟ್ಟಿಗೆ ಹೋಗುತ್ತವೆ.

ಸೋಲಾಪುರದ ದಾರಿಯಲ್ಲಿ ಉರುಳಿ ಕಾಂಚನ ಸಿಗುತ್ತದಲ್ಲ, ಅಲ್ಲಿ ಮಣಿಭಾಯಿ ದೇಸಾಯಿಯವರು 1967ರಲ್ಲಿ ಬಾಯಿಫ್ ಎಂಬ ಸಂಸ್ಥೆ ಕಟ್ಟಿದರು. ವಿದೇಶಿ ಹೋರಿಗಳ ಬೀಜದಿಂದ ಮಿಶ್ರತಳಿ ಮಾಡುವ ಕೆಲಸ ಅಲ್ಲಿಂದ ಹಳ್ಳಿಹಳ್ಳಿಗೆ ಹಬ್ಬಿತು. ನಮ್ಮ ಹಟ್ಟಿಯ ಕಪ್ಪುಬಿಳುಪು ಹಸುವಿಗೂ ಅಮೆರಿಕದ ಹೋಲ್‌ಸ್ಟೀನ್ ಹೋರಿಗಳಿಗೂ ಹೀಗೆ ನೆಂಟಸ್ತಿಕೆ ಬೆಳೆಯಿತು. ಆ ನೆಂಟರಲ್ಲಿ ಒಬ್ಬನ ಕಥೆ ಹೇಳುತ್ತೇನೆ. ಕಾರ್ಲಿನ್-ಎಂ ಐವನ್‌ಹೋ ಬೆಲ್ ಎಂಬ ಹೋರಿ. ಅವನ ಹೆಣ್ಣುಕರುಗಳು ಹಾಲಿನ ಹೊಳೆ ಹರಿಸಿದವು, ಬೀಜ ದೇಶದೇಶಕ್ಕೆ ಹೋಯಿತು. 1992ರಲ್ಲಿ ಅವನ ವಂಶದ ಒಂದು ದೋಷ ಬಯಲಾಯಿತು. ಅದರ ಹೆಸರು ಬ್ಲ್ಯಾಡ್: ರಕ್ತದ ಬಿಳಿ ಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಳ್ಳಲಾರವು, ಹೊರಗೆ ದಾಟಲಾರವು, ಕರುವಿಗೆ ಬಾಯಿಹುಣ್ಣು, ಭೇದಿ, ನ್ಯುಮೋನಿಯಾ ಬಿಡದೆ ಕಾಡುತ್ತವೆ. ಇಂಥ ಕರು ಸತ್ತರೆ ನಮ್ಮಲ್ಲಿ "ಏಳಿಗೆಯಾಗಲಿಲ್ಲ" ಎಂದು ಕೈತೊಳೆದುಕೊಳ್ಳುತ್ತೇವೆ. ಪರೀಕ್ಷೆ ಬಂತು, ವಾಹಕಗಳನ್ನು ಗುರುತಿಸಿದರು, ಎಲ್ಲ ಮುಗಿಯಿತೆಂದುಕೊಂಡರು. ಕೆಲವು ವರ್ಷಗಳ ನಂತರ ಡೆನ್ಮಾರ್ಕಿನಲ್ಲಿ ಬೆನ್ನುಮೂಳೆ ತಿರುಚಿಕೊಂಡು, ಕಾಲು ಮಡಚಿಕೊಂಡು ಸತ್ತು ಹುಟ್ಟಿದ ಕರುಗಳು ಪ್ರಯೋಗಾಲಯ ಸೇರಿದವು. ವಂಶಾವಳಿ ಬಿಡಿಸಿದರೆ ಮತ್ತೆ ಅದೇ ಬೆಲ್! ಈ ಎರಡನೆಯ ದೋಷದ ವರದಿ ಅಚ್ಚಾಗಿದ್ದು 2001ರಲ್ಲಿ. ಅದೇ ಹೋರಿಯ ರಕ್ತ, ಅದೇ ಕಾಲದಿಂದ ಅಡಗಿ ಕುಳಿತದ್ದು. ಸತ್ತ ಕರುವನ್ನು ಹೂಳದೆ ಪ್ರಯೋಗಾಲಯಕ್ಕೆ ಕೊಟ್ಟಿದ್ದರಿಂದ ಅದು ಹೊರಗೆ ಬಂತು.

ನಮ್ಮ ದೇಶದ ವೀರ್ಯ ಕೇಂದ್ರಗಳ ನಿಯಮಾವಳಿಯಲ್ಲೂ ಹೋಲ್‌ಸ್ಟೀನ್ ಹೋರಿಗಳಿಗೆ ಬ್ಲ್ಯಾಡ್ ಸೇರಿದಂತೆ ಕೆಲವು ದೋಷಗಳ ಪರೀಕ್ಷೆ ಇದೆ. ಒಳ್ಳೆಯದೇ. ಆದರೆ ಈ ಪರೀಕ್ಷೆಗಳು ಹೆಸರಿಟ್ಟ ದೋಷವನ್ನು ಮಾತ್ರ ಹಿಡಿಯುತ್ತವೆ. ಹೆಸರಿಲ್ಲದ್ದು ಮೊದಲು ಕಣ್ಣಿಗೆ ಬೀಳುವುದು ಹಟ್ಟಿಯಲ್ಲಿ.

ಹೇಳಿದವನಿಗೇ ನಷ್ಟ ಎಂಬ ಭಯ ಸುಳ್ಳಲ್ಲ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದಲ್ಲಿ ಹೆರಿಫೋರ್ಡ್ ತಳಿಯ ದನ ಸಾಕುವವರು ಕುಳ್ಳ ಕರುಗಳನ್ನು ಮುಚ್ಚಿಟ್ಟದ್ದೂ ಇದೇ ಭಯದಿಂದ. 2008ರಲ್ಲಿ ಅಲ್ಲಿಯ ಆಂಗಸ್ ತಳಿಯಲ್ಲಿ ಸೊಟ್ಟ ಕರುಗಳು ಹುಟ್ಟುತ್ತಿರುವುದು ಬೆಳಕಿಗೆ ಬಂದಾಗ ಆ ತಳಿ ಸಾಕುವವರ ಸಂಘ ವಾಹಕ ಹೋರಿಗಳ ಪಟ್ಟಿಯನ್ನೇ ಬಹಿರಂಗಪಡಿಸಿತು. ಕೆಲವರಿಗೆ ದೊಡ್ಡ ಪೆಟ್ಟು ಬಿತ್ತು, ಬೈಗುಳವೂ ಬಿತ್ತು. ನನಗೆ ಹೆಚ್ಚು ಹಿಡಿಸಿದ್ದು ಹೋಲ್‌ಸ್ಟೀನಿನವರ ದಾರಿ: ಹೋರಿಯ ಹೆಸರಿನ ಮುಂದೆ ಎರಡು ಅಕ್ಷರ. ಬ್ಲ್ಯಾಡ್ ವಾಹಕನಿಗೆ ಬಿಎಲ್, ಪರೀಕ್ಷೆಯಲ್ಲಿ ಶುದ್ಧನೆಂದು ತಿಳಿದವನಿಗೆ ಟಿಎಲ್. ವಾಹಕ ಹೋರಿಯನ್ನು ಕಸಾಯಿಗೆ ಅಟ್ಟಬೇಕಾಗಿಲ್ಲ, ಶುದ್ಧ ಹಸುವಿಗೆ ಕೊಟ್ಟರೆ ಒಂದು ಕರುವೂ ಕೆಡುವುದಿಲ್ಲ. ಗೊತ್ತಿದ್ದರೆ ಸಾಕು. ಆ ರಾತ್ರಿ ಅಜ್ಜಿಗೆ ನಾನು ಹೇಳಬೇಕಾಗಿದ್ದ ಮಾತು ಇದು. ಹೇಳಿದ್ದರೆ ಅವರು ಗೋಣಿಚೀಲ ಸರಿಸುತ್ತಿದ್ದರೋ ಏನೋ.

ಹಟ್ಟಿ ಇರುವವರಿಗೆ ಎರಡು ಮಾತು. ಹಸುವಿಗೆ ಬೀಜ ಕೊಡಿಸಿದ ದಿನ ನಳಿಕೆಯ ಮೇಲಿನ ಹೋರಿಯ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸೊಟ್ಟ ಕರು ಹುಟ್ಟಿದರೆ ಹೂಳುವ ಮುಂಚೆ ನಿಮ್ಮ ಡಾಕ್ಟರರನ್ನು ಕರೆಯಿರಿ. ಅವರು ಬರುವುದು ತಡವಾದರೆ ಕರುವಿನ ಬಾಲದ ತುದಿಯ ಕೂದಲನ್ನು ಬುಡಸಮೇತ ಕಿತ್ತಿಡಿ. ಕತ್ತರಿಸಿದರೆ ಉಪಯೋಗವಿಲ್ಲ, ಪರೀಕ್ಷೆಗೆ ಬೇಕಾದದ್ದು ಬುಡ. ಕೂದಲು ಒದ್ದೆಯಾಗಿದ್ದರೆ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ; ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಸ್ಟು ಹಿಡಿಯುತ್ತದೆ. ಲಕೋಟೆಯ ಮೇಲೆ ಹಸುವಿನ ಕಿವಿಯೋಲೆಯ ಸಂಖ್ಯೆ, ಹೋರಿಯ ಸಂಖ್ಯೆ, ಈದ ತಾರೀಖು ಬರೆದಿರಲಿ.